ಕೆಂಜೆಡೆಯ ದನಿ

ತೊಗಲುಗೊಂಬೆಗಳನ್ನು ಪೆಟ್ಟಿಗೆಗೆ ತುಂಬುವುದಕ್ಕೆ ಒಂದು ಕ್ರಮವಿತ್ತು. ತಳದಲ್ಲಿ ರಕ್ಕಸರು, ಬೋರಲಾಗಿ. ಅವರ ಮೇಲೊಂದು ಈಚಲು ಚಾಪೆ. ಅದರ ಮೇಲೆ ಆನೆ, ಕುದುರೆ, ಕೋಟೆ ಕಾಯುವವರು, ಹೂ ಮಾರುವವಳು. ಮತ್ತೊಂದು ಚಾಪೆ. ಎಲ್ಲಕ್ಕೂ ಮೇಲೆ ದೇವರು, ರಾಜಕುಮಾರ, ರಾಜಕುಮಾರಿ. ಒಳ್ಳೆಯವರದು ಜಿಂಕೆಯ ಚರ್ಮ, ಉಳಿದವರದು ಮೇಕೆಯ ಚರ್ಮ. ಒಳ್ಳೆಯವರೂ ಕೆಟ್ಟವರೂ ಒಬ್ಬರಿಗೊಬ್ಬರು ತಾಗಿದರೆ ಪೆಟ್ಟಿಗೆಯೊಳಗೇ ಜಗಳ ಹತ್ತಿ ಬೆಳಗಾಗುವುದರೊಳಗೆ ಯಾರದೋ ಕೈಕಾಲು ಮುರಿದಿರುತ್ತದೆ ಎಂದು ಹಿಂದಿನವರು ನಂಬಿದ್ದರು. ಮೇಳದ ಯಜಮಾನ ಮಂಟಯ್ಯನೂ ನಂಬಿದ್ದ.

ಮರಮ್ಮ ತುಂಬುತ್ತಿದ್ದುದು ಕೆಳಗಿನ ಎರಡು ಪದರಗಳನ್ನು ಮಾತ್ರ. ಮೇಲಿನದು ಮಂಟಯ್ಯನ ಹೆಂಡತಿ ಸುಂದ್ರಮ್ಮನ ಪಾಲು. ಮರಮ್ಮನ ಗಂಡ ಕುಳ್ಳಯ್ಯ, ಮಂಟಯ್ಯನ ತಮ್ಮ, ದೇಶದಲ್ಲಿ ಮೊದಲ ಓಟು ನಡೆದ ವರ್ಷ ಜ್ವರ ಬಂದು ಸತ್ತಿದ್ದ. ಅಂದಿನಿಂದ ದೇವರ ಗೊಂಬೆಯನ್ನೂ ರಾಜಕುಮಾರಿಯನ್ನೂ ಅವಳು ಮುಟ್ಟುವಂತಿರಲಿಲ್ಲ. ರಕ್ಕಸಿಯನ್ನು ಯಾರು ಬೇಕಾದರೂ ಮುಟ್ಟಬಹುದಿತ್ತು.

ಪಿರಿಯಾಪಟ್ಟಣದ ಹೊರಗೆ ಅವರ ಗುಡಿಸಲುಗಳು. ಸುಗ್ಗಿ ಮುಗಿದು ಕಣ ಖಾಲಿಯಾದ ಮೇಲೆ ಪೆಟ್ಟಿಗೆಯನ್ನು ಗಾಡಿಗೇರಿಸಿ ಹುಣಸೂರು, ಕೃಷ್ಣರಾಜನಗರದ ಕಡೆಯ ಊರುಗಳನ್ನು ಸುತ್ತುತ್ತಿದ್ದರು. ಜವರಯ್ಯ ಗಾಡಿ ಹೊಡೆಯುತ್ತಿದ್ದ, ಪರದೆಯ ಹಿಂದೆ ಮದ್ದಳೆ ಬಾರಿಸುತ್ತಿದ್ದ. ಮಂಟಯ್ಯ ಗೊಂಬೆಯಾಡಿಸುತ್ತ ರಾಜಕುಮಾರನ ಮಾತು ಹೇಳುತ್ತಿದ್ದ. ಸುಂದ್ರಮ್ಮ ದೀಪದ ಬಲಗಡೆ ಕೂತು ರಾಜಕುಮಾರಿ ಮುತ್ತುರತ್ನಿಯ ಹಾಡು ಹೇಳುತ್ತಿದ್ದಳು. ಉಳಿದವರೆಲ್ಲ ಎಡಗಡೆ ಕೂತ ಮರಮ್ಮ. ಹೂವಿನವಳು ಅವಳೇ, ನಿದ್ದೆಬಡುಕ ಕಾವಲುಗಾರ ಅವಳೇ, ಕತ್ತೆ ಅವಳೇ. ಕೆಂಜೆಡೆ ರಕ್ಕಸಿಯೂ ಅವಳೇ.

ಹಗಲು ಹೊತ್ತು ಅವಳಿಗೆ ಮಾತೇ ಇರಲಿಲ್ಲ. ಬಾವನ ಎದುರು ಅವಳು ಬಾಯಿ ಬಿಡುವಂತಿರಲಿಲ್ಲ. ಬಾವನೂ ಅವಳಿಗೆ ನೇರವಾಗಿ ಏನೂ ಹೇಳುತ್ತಿರಲಿಲ್ಲ. ಮೊಳದಳತೆಯಲ್ಲಿ ಕೂತಿದ್ದರೂ ಹೆಂಡತಿಯ ಕಡೆ ತಿರುಗಿ, “ಅವಳ್ಗೆ ಯೋಳು, ದೀಪಕ್ಕೆ ಎಣ್ಣೆ ಸಾಲ್ದು ಅಂತ” ಎನ್ನುತ್ತಿದ್ದ. ಸುಂದ್ರಮ್ಮ ಹೇಳುವ ಅಗತ್ಯವಿರಲಿಲ್ಲ, ಹೇಳುತ್ತಲೂ ಇರಲಿಲ್ಲ. ಮರಮ್ಮ ಎದ್ದು ಎಣ್ಣೆ ಹಾಕುತ್ತಿದ್ದಳು. ಪರದೆಯ ಹಿಂದೆ ಮಾತ್ರ ಮಂಟಯ್ಯನ ರಾಜಕುಮಾರ ಕೆಂಜೆಡೆಯನ್ನು “ಎಲೇ ಪಾಪಿ” ಎಂದು ಕೂಗಿ ಕರೆಯುತ್ತಿದ್ದ. ಬಾವ ತನ್ನ ಜೊತೆ ಮಾತಾಡುವುದು ಇಷ್ಟೇ ಅಲ್ಲವೇ ಎಂದು ಒಮ್ಮೊಮ್ಮೆ ಅವಳಿಗೆ ನಗು ಬರುತ್ತಿತ್ತು.

ಅವರು ಆಡಿಸುತ್ತಿದ್ದುದು ಏಳು ಕೋಟೆಯ ಕತೆ. ಒಂದೊಂದು ರಾತ್ರಿಗೆ ಒಂದೊಂದು ಕೋಟೆ. ಯಾವ ಊರಿಗೆ ಯಾವ ಕೋಟೆ ಬೇಕೋ ಅದನ್ನು ಆಡಿಸಿ ಮುಂದೆ ಹೋಗುವುದು. ಕೊನೆಯ ಕೋಟೆ ಕೆಂಜೆಡೆಯದು. ಕುಳ್ಳಯ್ಯ ಅವಳ ದನಿಯಾಗಿದ್ದ ಕಾಲದಲ್ಲಿ ರಕ್ಕಸಿಗೆ ಕೆಲಸ ಕಮ್ಮಿ ಇತ್ತು. ‘ನರವಾಸನೆ’ ಎಂದು ಮೂಗರಳಿಸುವುದು, ಒಂದು ಗಹಗಹ ನಗು, ಬಾಣ ತಾಗಿದಾಗ ಒಂದು ಕಿರುಚು. ಕುಳ್ಳಯ್ಯ ಕಿರುಚಿದರೆ ಮುಂದಿನ ಸಾಲಿನ ಮಕ್ಕಳು ಅವ್ವಂದಿರ ಸೆರಗಿಗೆ ನುಗ್ಗುತ್ತಿದ್ದವು.

ಅವನು ಸತ್ತ ಮೇಲಿನ ಮೊದಲ ಆಟದಲ್ಲಿ ಮರಮ್ಮನ ಗಂಟಲು ಅತ್ತೂ ಅತ್ತೂ ಕಟ್ಟಿತ್ತು. ಅರಚಲು ಹೋದರೆ ದನಿ ಹೊರಡಲಿಲ್ಲ. “ನರವಾಸನೆ… ಯಾರೋ ಬಂದವ್ರೆ” ಎಂದು ಮೆಲ್ಲಗೆ ಹೇಳಿದಳು. ಅಷ್ಟಕ್ಕೇ ಪರದೆಯ ಆಚೆ ಎಲೆ ಅಡಿಕೆ ಅಗಿಯುವ ಸದ್ದು ನಿಂತುಹೋಯಿತು. ಎಷ್ಟೋ ದಿನದಿಂದ ಬಾಗಿಲು ನೋಡುತ್ತ ಕೂತವಳು ಆಡಿದ ಮಾತಿನಂತೆ ಕೇಳಿಸಿತ್ತು ಅದು.

ಆಮೇಲೆ ಕೆಂಜೆಡೆ ಬೆಳೆಯತೊಡಗಿದಳು. ಹ್ಯಾಂಡ್‌ಪೋಸ್ಟಿನಲ್ಲಿ ಬಸ್ಸು ನಿಲ್ಲುವ ಕೂಡುರಸ್ತೆಯ ಚಾ ಅಂಗಡಿಯಲ್ಲಿ ಮಲಯಾಳದ ಹೆಂಗಸೊಬ್ಬಳಿದ್ದಳು. ಅವಳ ಭಾಷೆ ಅಲ್ಲಿ ಯಾರಿಗೂ ಬಾರದು. ಬಸ್ಸು ಹೋದ ಮೇಲೆ ಅವಳು ಒಲೆಯ ಜೊತೆ ಮಾತಾಡುತ್ತಿದ್ದುದನ್ನು ಮರಮ್ಮ ಕಂಡಿದ್ದಳು. ಮುಂದಿನ ಆಟದಿಂದ ಕೆಂಜೆಡೆ ಕೋಟೆಯ ದೀಪದ ಜೊತೆ ಮಾತಾಡಿದಳು. ಹುಣಸೂರಿನ ಹತ್ತಿರ ಹೊಗೆಸೊಪ್ಪು ಹಸನು ಮಾಡಿ ಬಂದವಳೊಬ್ಬಳು ಸಂಜೆ ಜಗಲಿಯಲ್ಲಿ ಒಬ್ಬಳೇ ಕೂತು, ನೋಡುವವರಿಲ್ಲದಿದ್ದರೂ ಗಂಟೆಗಟ್ಟಲೆ ತಲೆ ಬಾಚುತ್ತಿದ್ದಳು. ಕೆಂಜೆಡೆಯೂ ತನ್ನ ಕೆಂಪು ಜಡೆ ಬಿಚ್ಚಿ ಬಾಚತೊಡಗಿದಳು. ಹೇನು ಸಿಕ್ಕಿದಾಗ ಬೈದು ಜನರನ್ನು ನಗಿಸಿದಳು. ಇನ್ನೆಲ್ಲೋ ಒಬ್ಬ ಅಜ್ಜಿ ಒಬ್ಬಳಿಗೇ ಅಡಿಗೆಯಾದರೂ ಎರಡು ಮುದ್ದೆ ಕಟ್ಟುತ್ತಿದ್ದಳು. ಕೆಂಜೆಡೆ ಹೊತ್ತು ತಂದ ರಾಜಕುಮಾರಿಯನ್ನು ತಿನ್ನುವುದು ಬಿಟ್ಟು ಅವಳಿಗೆ ಒಂದು ಮುದ್ದೆ ಬಡಿಸಿದಳು.

ಎಲ್ಲಕ್ಕಿಂತ ಕೊನೆಗೆ ಬಂದದ್ದು ಒಂದು ಪ್ರಶ್ನೆ. ಗಾಡಿಯಲ್ಲಿ ಮಲಗಿದಾಗ ಕುಳ್ಳಯ್ಯ ಕತ್ತಲಲ್ಲಿ, “ಮರೀ, ನಿದ್ದೆ ಬಂತಾ?” ಎಂದು ಕೇಳುತ್ತಿದ್ದ. ಕೇಳುವುದು ಅವನಿಗೊಂದು ಅಭ್ಯಾಸ, ಉತ್ತರಕ್ಕೂ ಕಾಯುತ್ತಿರಲಿಲ್ಲ. ಸತ್ತ ಮೇಲೆ ಆ ಮಾತನ್ನು ಅವಳಿಗೆ ಯಾರೂ ಕೇಳಲಿಲ್ಲ. ಒಂದು ರಾತ್ರಿ ಆಟದ ನಡುವೆ ಕೆಂಜೆಡೆ ರಾಜಕುಮಾರಿಯ ಕಡೆ ಬಾಗಿ, “ನಿದ್ದೆ ಬಂತಾ, ಕೂಸೇ?” ಎಂದುಬಿಟ್ಟಳು. ಮುತ್ತುರತ್ನಿ ಉತ್ತರ ಕೊಡಲಿಲ್ಲ. ಅವಳ ಪಾಲಿಗಿದ್ದುದು ಹಿಂದಿನಿಂದ ಬಂದ ಶೋಕದ ಹಾಡುಗಳು ಮಾತ್ರ. ಸುಂದ್ರಮ್ಮ ಅದನ್ನೇ ಹಾಡಿದಳು. ಆಮೇಲೆ ಪ್ರತಿ ಆಟದಲ್ಲೂ ಕೆಂಜೆಡೆ ಕೇಳಿದಳು, ಪ್ರತಿ ಆಟದಲ್ಲೂ ಮುತ್ತುರತ್ನಿ ಹಾಡಿದಳು.

ಒಂದು ವರ್ಷ ಹ್ಯಾಂಡ್‌ಪೋಸ್ಟಿನಲ್ಲಿ ಬಿಡಾರ ಹಾಕಿದ್ದಾಗ ಹೊಸ ಅಗ್ರಹಾರದ ಚನ್ನಬಸವಣ್ಣ ಬಸ್ಸಿಳಿದು ಹುಡುಕಿಕೊಂಡು ಬಂದರು. ಗದ್ದೆ, ಕಬ್ಬು ಇದ್ದ ಮನೆತನ. ದನಗಳಿಗೆ ಕಾಯಿಲೆ ಬಂದಾಗ ‘ರಕ್ಕಸಿ ವಧೆ ಆಡಿಸುತ್ತೇನೆ’ ಎಂದು ಹರಕೆ ಹೊರುವುದು ಆ ಕಡೆ ವಾಡಿಕೆ. ರಕ್ಕಸಿ ಬಿದ್ದ ಕೂಡಲೇ ಮನೆಯ ಹೆಂಗಸರು ಪರದೆಗೆ ಆರತಿ ಎತ್ತಬೇಕು. ಆಗ ಕಾಯಿಲೆಯೂ ಅವಳ ಜೊತೆ ಹೋಗುತ್ತದೆ.

“ಬನ್ನಿ ಬುದ್ದಿ, ಕೂತ್ಕಳಿ” ಎಂದು ಮಂಟಯ್ಯ ಕಂಬಳಿ ಹಾಸಿದ.

“ಕೂತ್ಕಳದಿರ್ಲಿ ಕಣಯ್ಯ. ಹೋದ್ ಸಲ ನಮ್ಮನೆ ಮುಂದೆ ಏನಾಯ್ತು, ನೆನಪೈತಾ? ರಕ್ಕಸಿ ಸಾಯೋ ಹೊತ್ಗೆ ನಮ್ಮ ಹೆಂಗಸ್ರು ಆರತಿ ತಟ್ಟೆ ಕೆಳಗಿಟ್ಟು ಮೂಗು ಒರೆಸ್ಕೊಂಡು ಕೂತವ್ರೆ! ನಮ್ಮವ್ವ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.”

“ಸಾಯೋರ್ಗೆ ಅಳೋರು ಇದ್ರೆ ಒಳ್ಳೇದಲ್ವ್ರಾ ಬುದ್ದಿ” ಎಂದ ಜವರಯ್ಯ, ಎತ್ತಿನ ಕೊರಳು ಉಜ್ಜುತ್ತ.

“ಸುಮ್ಕಿರಲಾ, ನಿನ್ನ. ಒಂದ್ ವಾರಕ್ಕೆ ನನ್ನ ಹೋರಿ ಸತ್ತೋಯ್ತು. ಅದಕ್ಯಾರಲಾ ಅಳೋರು? ಈ ಸಲ ರಕ್ಕಸಿ ರಕ್ಕಸಿ ಥರ ಸಾಯ್ಬೇಕು. ಆಗಲ್ಲ ಅಂದ್ರೆ ಯೋಳ್ಬುಡು ಮಂಟಯ್ಯ. ಪೇಟೇಲಿ ಟೂರಿಂಗ್ ಟಾಕೀಸು ಬಂದೈತೆ, ನಮ್ಮ ಹೆಂಗಸ್ರು ಅಲ್ಲೇ ಹೋಗಿ ಅತ್ಕಳ್ಳಿ.”

“ಆಯ್ತದೆ ಬುದ್ದಿ, ಅಂಗೇ ಆಯ್ತದೆ” ಎಂದು ಮಂಟಯ್ಯ ಕೈ ಮುಗಿದ.

ಅವರು ಹೋದ ಮೇಲೆ ಅವನು ಕೆಂಜೆಡೆಯನ್ನು ಬೆಳಕಿಗೆ ಹಿಡಿದು ನೋಡಿದ. ಸೊಂಟದ ಹತ್ತಿರ ಚರ್ಮ ಸೀಳಿತ್ತು, ಮುಖದ ಬಣ್ಣ ಮಾಸಿತ್ತು. ಹೆಂಡತಿಯ ಕಡೆ ತಿರುಗಿದ.

“ಅವಳ್ಗೆ ಯೋಳು. ಇದಕ್ಕೆ ವಯಸ್ಸಾಯ್ತು. ಅಗ್ರಾರದ ಆಟ ಮುಗುದ್ ಮೇಲೆ ಕಾವೇರಿಗೆ ಬುಟ್ಬುಡನ. ಹೊಸಾದು ಕೊರಿಯಲ್ಲ. ಪೆಟ್ಟಿಗೇಲಿ ಮೀಸೆ ರಕ್ಕಸ ಅವ್ನಲ್ಲ, ಅವನೇ ಸಾಕು. ಅರಚ್ಲಿ, ಸಾಯ್ಲಿ. ಅಷ್ಟೇಯ.”

ಮುಪ್ಪಾದ ಗೊಂಬೆಯನ್ನು ಎಸೆಯುವಂತಿಲ್ಲ, ಸುಡುವಂತಿಲ್ಲ. ಮೊಸರನ್ನ ಇಟ್ಟು ಹೊಳೆಗೆ ಬಿಡಬೇಕು. ಆದರೆ ಬಿಟ್ಟ ಗೊಂಬೆಯ ಜಾಗಕ್ಕೆ ಅದೇ ಗೊಂಬೆಯನ್ನು ಹೊಸದಾಗಿ ಕೊರೆಯುವುದು ಪದ್ಧತಿ. ಮರಮ್ಮ ಸುಂದ್ರಮ್ಮನ ಮುಖ ನೋಡಿದಳು. ಸುಂದ್ರಮ್ಮ ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ.

ಮಾರನೇ ದಿನ ಹೊರಡುವ ಮೊದಲು ಮರಮ್ಮ ಕೆಂಜೆಡೆಯನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು. ಸೀಳಿಗೆ ಹೊಲಿಗೆ ಹಾಕಿದಳು. ಬೇವಿನ ಅಂಟಿಗೆ ಕೆಂಪು ಕದಡಿ ಜಡೆಗೆ, ಕೆನ್ನೆಗೆ, ತುಟಿಗೆ ಬಳಿದಳು. ತವರಿನಿಂದ ಹೊರಟ ಮಗಳಿಗೆ ತಲೆ ಬಾಚಿದಂತೆ ನಿಧಾನವಾಗಿ ಮಾಡಿದಳು. ಸುಂದ್ರಮ್ಮ ಎಲೆ ಅಡಿಕೆಗೆಂದು ಅಂಗಡಿಗೆ ಹೋಗಿದ್ದಳು. ಮೇಲಿನ ಗೊಂಬೆಗಳು ಗಾಳಿಗೆಂದು ಹಗ್ಗದ ಮೇಲಿದ್ದವು. ಇದ್ದಕ್ಕಿದ್ದಂತೆ ಹನಿ ಬಿತ್ತು.

ಮಳೆ ಜೋರಾಗುವುದರೊಳಗೆ ಎಲ್ಲವನ್ನೂ ತುಂಬಬೇಕಿತ್ತು. ರಕ್ಕಸರನ್ನು ಹಾಕಿದಳು, ಚಾಪೆ ಹಾಕಿದಳು. ಆನೆ ಕುದುರೆ ಹಾಕಿದಳು, ಚಾಪೆ ಹಾಕಿದಳು. ಮುಟ್ಟಬಾರದ ಗೊಂಬೆಗಳನ್ನೂ ಸೆರಗಿನಲ್ಲಿ ಹಿಡಿದು ತಂದು ಇಟ್ಟಳು. ಎಲ್ಲಕ್ಕೂ ಮೇಲೆ ಮುತ್ತುರತ್ನಿ ಮಲಗಿದ್ದಳು. ಕೆಂಜೆಡೆ ಇನ್ನೂ ಮರಮ್ಮನ ಕೈಯಲ್ಲೇ ಇದ್ದಳು. ತಳಕ್ಕೆ ಹಾಕಬೇಕೆಂದರೆ ಮತ್ತೆ ಎಲ್ಲವನ್ನೂ ತೆಗೆಯಬೇಕು. ತೆಗೆಯಬಹುದಿತ್ತು. ಮುಚ್ಚಳವನ್ನು ಮಳೆಗೆ ಅಡ್ಡ ಹಿಡಿದರೆ ಅಷ್ಟು ಹೊತ್ತು ಸಿಗುತ್ತಿತ್ತು. ಆದರೆ ಇವಳ ಕೊನೆಯ ಪಯಣ ಇದು, ಇದರಲ್ಲೂ ನೆಲ ನೋಡಿಕೊಂಡು ಮಲಗಬೇಕೇ ಎಂದು ಅನ್ನಿಸಿತು. ಕೆಂಜೆಡೆಯನ್ನು ಮುತ್ತುರತ್ನಿಯ ಮೇಲೆ, ಮುಖಕ್ಕೆ ಮುಖ ಮಾಡಿ ಮಲಗಿಸಿ ಮುಚ್ಚಳ ಹಾಕಿದಳು. ಬಣ್ಣ ಒಣಗಿರಲಿಲ್ಲ ಎಂಬುದು ನೆನಪಾಗಲಿಲ್ಲ.

ಹೊಸ ಅಗ್ರಹಾರದಲ್ಲಿ ಪೆಟ್ಟಿಗೆ ತೆರೆದಾಗ ಸಂಜೆಯ ಬಿಸಿಲು. ಸುಂದ್ರಮ್ಮ ಮುತ್ತುರತ್ನಿಯನ್ನು ಎತ್ತಿದಳು. ಕೆಂಜೆಡೆಯೂ ಜೊತೆಗೆ ಎದ್ದು ಬಂದಳು. ಬೇವಿನ ಅಂಟು ಎರಡು ಚರ್ಮಗಳನ್ನೂ ಒಂದು ಮಾಡಿತ್ತು. ಗಾಡಿಯ ಕುಲುಕಿಗೆ ಜಾರಿದ ರಕ್ಕಸಿಯ ಕೆನ್ನೆ ರಾಜಕುಮಾರಿಯ ಹೆಗಲಿಗೆ ಅಂಟಿತ್ತು.

ಮಂಟಯ್ಯನ ಮುಖ ಕಪ್ಪಿಟ್ಟಿತು. ಮುತ್ತುರತ್ನಿ ಅವನ ತಾತ ಕೊರೆದ ಗೊಂಬೆ. “ಯಾರು ತುಂಬ್ದೋರು ಇದ್ನ?”

“ನಾನೇ ಕಣಕ್ಕ” ಎಂದು ಮರಮ್ಮ ಸುಂದ್ರಮ್ಮನಿಗೆ ಹೇಳಿದಳು. “ಮಳೆ ಬಂತು.”

“ಕೇಳವಳ್ನ, ಚಾಪೆಗೇನು ಬರಬಾರದ್ದು ಬಂದಿತ್ತಾ ಅಂತ!”

ಸುಂದ್ರಮ್ಮ ಕೇಳಲಿಲ್ಲ. ಉಗುರಿನಿಂದ ಮೆಲ್ಲಗೆ ಬಿಡಿಸಿ ನೋಡಿದಳು. ಜಿಂಕೆಯ ಚರ್ಮ ತೆಳ್ಳಗೆ ಮೇಲೆದ್ದಿತು, ಕೈ ತೆಗೆದಳು. ನೀರು ತಾಗಿಸಿದರೆ ಚರ್ಮ ಮೆತ್ತಗಾಗಿ ಪರದೆಯ ಮೇಲೆ ನಿಲ್ಲುವುದಿಲ್ಲ. ಅಂಗಳದಲ್ಲಿ ಆಗಲೇ ಚಾಪೆ ಹಾಸುತ್ತಿದ್ದರು. ಚನ್ನಬಸವಣ್ಣನವರ ತಾಯಿ ಶಿವರುದ್ರಮ್ಮನವರು ಮುಂದೆ ಬಂದು ಕೂತು ಸೊಸೆಯಂದಿರಿಗೆ ಬತ್ತಿ ಹೊಸೆಯಲು ಹೇಳುತ್ತಿದ್ದರು.

“ಇವತ್ತು ಕೋಟೆ ಒಳಗಿಂದ್ಲೇ ಸುರು ಮಾಡನ” ಎಂದಳು ಸುಂದ್ರಮ್ಮ ಗಂಡನಿಗೆ. “ಅಲ್ಲಿ ಇಬ್ರೂ ಒಂದೇ ಕಡೆ ತಾನೆ ಇರದು.”

“ಸಾಯ್ಸದು ಎಂಗೆ? ಬಾಣ ಬುಟ್ರೆ ಇಬ್ರಿಗೂ ತಾಕ್ತದೆ.”

ಈ ಸಲವೂ ಆರತಿ ಏಳದಿದ್ದರೆ ಈ ಕಡೆಯ ಹರಕೆಯ ಆಟಗಳೆಲ್ಲ ನಿಂತುಹೋಗುತ್ತವೆ ಎಂಬುದು ನಾಲ್ವರಿಗೂ ಗೊತ್ತಿತ್ತು.

ಕತ್ತಲಾಯಿತು. ದೀಪ ಹಚ್ಚಿದರು. ಮಂಟಯ್ಯ ಜೋಡಿ ಗೊಂಬೆಯನ್ನು ಪರದೆಯ ಎಡಗಡೆ ನಿಲ್ಲಿಸಿದ. ಗೊಂಬೆ ಇದ್ದ ಕಡೆಯಿಂದಲೇ ದನಿ ಬರಬೇಕು. ಹಾಗಾಗಿ ಸುಂದ್ರಮ್ಮ ಬಲಗಡೆಯ ತನ್ನ ಜಾಗ ಬಿಟ್ಟು ಎದ್ದು ಬಂದು ಮರಮ್ಮನ ಪಕ್ಕ ಕೂತಳು. ಇಬ್ಬರ ಮೊಣಕಾಲು ತಾಗಿದವು. ಇಷ್ಟು ವರ್ಷ ಅವರ ನಡುವೆ ಯಾವಾಗಲೂ ದೀಪವಿರುತ್ತಿತ್ತು.

ಅಂಗಳದವರಿಗೆ ಕಂಡದ್ದು ರಕ್ಕಸಿಯೊಬ್ಬಳು ರಾಜಕುಮಾರಿಯ ಹೆಗಲ ಮೇಲೆ ತಲೆಯಿಟ್ಟು ನಿಂತ ನೆರಳು. ಯಾರೋ ಹೆಂಗಸು “ಅಯ್ಯೋ, ತಬ್ಕೊಂಡವ್ಳೆ ಕಣೇ” ಎಂದದ್ದು ಪರದೆಯ ಹಿಂದಕ್ಕೂ ಕೇಳಿಸಿತು.

ಕೆಂಜೆಡೆ ದೀಪಕ್ಕೆ ಮಾತಾಡಿದಳು. ಹೇನಿಗೆ ಬೈದಳು, ಜನ ನಕ್ಕರು. ಮುದ್ದೆ ಬಡಿಸಿದಳು. ಮರಮ್ಮನಿಗೆ ಒಂದೊಂದು ಮಾತೂ ಇದು ಕೊನೆಯದು ಎಂದು ಗೊತ್ತಿದ್ದುದರಿಂದ ಬಾಯಲ್ಲಿ ಭಾರವಾಗುತ್ತಿತ್ತು. ಆಮೇಲೆ ಕೇಳಿದಳು.

“ನಿದ್ದೆ ಬಂತಾ, ಕೂಸೇ?”

ಶೋಕದ ಹಾಡು ಬರಬೇಕಿತ್ತು. ಜವರಯ್ಯ ಅದಕ್ಕೆ ಮದ್ದಳೆಯ ಮೇಲೆ ಬೆರಳಿಟ್ಟ. ಹಾಡು ಬರಲಿಲ್ಲ.

“ಇಲ್ಲ ಕಣವ್ವ” ಎಂದಿತು ಪಕ್ಕದಲ್ಲೇ ಒಂದು ದನಿ. ಅದು ಮುತ್ತುರತ್ನಿಯ ಎಳೆದ ರಾಗದ ದನಿಯಲ್ಲ, ಸುಂದ್ರಮ್ಮ ಸಂತೆಯಲ್ಲಿ ಮಾತಾಡುವ ದನಿ. “ಎಲ್ಲಿ ಬತ್ತದೆ? ನೀನು ಮಗ್ಗುಲು ಬದಲಾಯ್ಸದು ದಿನಾ ಕೇಳುಸ್ತದೆ ನಂಗೆ.”

ಗಾಡಿಯಲ್ಲಿ ಅವಳು ಮಲಗುವ ಕಡೆಗೂ ಸುಂದ್ರಮ್ಮ ಮಲಗುವ ಕಡೆಗೂ ನಡುವೆ ಗೊಂಬೆಯ ಪೆಟ್ಟಿಗೆ ಇರುತ್ತಿತ್ತು.

“ಕೇಳಿಸ್ತಿದ್ರೆ ಯಾಕೆ ಸುಮ್ನಿದ್ದೆ?” ಎಂದಳು ಕೆಂಜೆಡೆ.

“ನಾನು ಹಾಡೋಳು ಕಣವ್ವ. ನಂಗೆ ಮಾತು ಕೊಟ್ಟಿರ್ನಿಲ್ಲ.”

ಅಷ್ಟರಲ್ಲಿ ಬಲಗಡೆಯಿಂದ ರಾಜಕುಮಾರ ಬಂದ. “ಎಲೇ ಪಾಪಿ!” ಎಂದು ಮಂಟಯ್ಯ ಕೂಗಿದ. ಬಾಣದ ಬದಲು ಕತ್ತಿ ಎತ್ತಿದ. ಎತ್ತಿದ ಕತ್ತಿ ಹಾಗೇ ನಿಂತಿತು. ಅವನು ಗೊಂಬೆಯನ್ನು ನೋಡುತ್ತಿದ್ದ, ಎಲ್ಲಿ ಹೊಡೆಯಬೇಕೆಂದು ತಿಳಿಯದೆ.

“ತಡಿ ರಾಜ” ಎಂದಳು ಕೆಂಜೆಡೆ. “ಕೂಸಿಗೆ ತಾಕೀತು. ನಾನೇ ಬುಡ್ತೀನಿ.” ಆಮೇಲೆ ದನಿ ತಗ್ಗಿಸಿ, “ಕೂಸೇ, ಹೋಗು” ಎಂದಳು.

“ನೀನು?”

“ನಂದೇನು ಬುಡು. ಕೋಟೆ ಐತೆ.”

ಮಂಟಯ್ಯನಿಗೆ ಅರ್ಥವಾಯಿತು. ಜೋಡಿ ಗೊಂಬೆಯ ಎರಡೂ ಕಡ್ಡಿಗಳನ್ನು ಹಿಡಿದು ಮೆಲ್ಲಗೆ ಎಳೆದ. ಒಣಗಿದ ಚರ್ಮ ಬಿಡುವ ಸದ್ದು ಪರದೆಯ ಆಚೆಗೂ ಕೇಳಿಸಿತು. ಮೇಕೆಯ ಚರ್ಮವೇ ಸೋತಿತು. ಕೆಂಜೆಡೆಯ ಕೆನ್ನೆಯ ಒಂದು ಚೂರು ಮುತ್ತುರತ್ನಿಯ ಹೆಗಲ ಮೇಲೆ ಉಳಿದು, ಅವಳು ಬೇರೆಯಾಗಿ ಕೆಳಗೆ ಜಾರಿದಳು. ಕತ್ತಿ ಅವಳನ್ನು ಮುಟ್ಟಲೇ ಇಲ್ಲ. ಮರಮ್ಮ ಕಿರುಚಲೂ ಇಲ್ಲ.

ಆರತಿ ಏಳಬೇಕಾದ ಹೊತ್ತು ಅದು. ಅಂಗಳದಲ್ಲಿ ಯಾರೂ ಅಲುಗಲಿಲ್ಲ. ಚನ್ನಬಸವಣ್ಣ ಗಂಟಲು ಕೆರೆದ ಸದ್ದು ಕೇಳಿಸಿತು. ಆಮೇಲೆ ಶಿವರುದ್ರಮ್ಮನವರ ದನಿ.

“ಕೊಡ್ರವ್ವ ತಟ್ಟೆ. ದಂಡು ಕಟ್ಕೊಂಡು ಸಾಯಿಸ್ದೇ ಇದ್ರೂ ತಾನಾಗೇ ಹೋದ್ಲಲ್ಲ, ಪುಣ್ಯಾತ್ಗಿತ್ತಿ. ಕಾಯ್ಲೆನೂ ಅಂಗೇ ಹೋಗ್ಲಿ, ತಾನಾಗೇ.” ದೀಪದ ತಟ್ಟೆ ಪರದೆಯ ಆಚೆ ಎದ್ದು ಒಮ್ಮೆ ಮೇಲೆ ಸುತ್ತಿತು. ಆಮೇಲೆ ರಕ್ಕಸಿ ಬಿದ್ದ ಕಡೆಗೆ ಬಾಗಿ ಇನ್ನೊಮ್ಮೆ ಸುತ್ತಿತು. ಹಿಂದಿನಿಂದ ಸೊಸೆಯಂದಿರು ಸೋಬಾನೆ ಎತ್ತಿಕೊಂಡರು.

ಬೆಳಗ್ಗೆ ಕೃಷ್ಣರಾಜನಗರದ ಹತ್ತಿರ ಕಾವೇರಿಯ ದಡದಲ್ಲಿ ಗಾಡಿ ನಿಲ್ಲಿಸಿದರು. ಮಂಟಯ್ಯ ಸೊಂಟದ ಮಟ್ಟ ನೀರಿಗಿಳಿದು, ಎಲೆಯ ಮೇಲೆ ಮೊಸರನ್ನ ಇಟ್ಟು, ಕೆಂಜೆಡೆಯನ್ನು ಬಿಟ್ಟ. ಮರಮ್ಮ ದಡದ ಮೇಲೆಯೇ ನಿಂತಿದ್ದಳು. ಗೊಂಬೆ ಸ್ವಲ್ಪ ದೂರ ಬೆನ್ನಡಿಯಾಗಿ, ಆಕಾಶ ನೋಡುತ್ತ ತೇಲಿತು. ಹೊಸ ಕೆಂಪು ನೀರಲ್ಲಿ ಬಿಟ್ಟುಕೊಂಡಿತು. ಆಮೇಲೆ ಕಾಣಲಿಲ್ಲ.

ಗಾಡಿಯಲ್ಲಿ ಅವಳು ಸುಂದ್ರಮ್ಮನ ಮಾತಿಗೆ ಕಾದಳು. ನಿನ್ನೆಯ ಮಾತಿಗೆ ಇನ್ನೊಂದು ಮಾತು ಸೇರುತ್ತದೆ ಎಂದುಕೊಂಡಳು. ಸುಂದ್ರಮ್ಮ ಎತ್ತಿನ ಹುಲ್ಲಿನ ಬಗ್ಗೆ ಜವರಯ್ಯನ ಜೊತೆ ವಾದ ಮಾಡಿದಳು, ಆಮೇಲೆ ತಲೆಯ ಮೇಲೆ ಸೆರಗು ಹೊದ್ದು ಕೂತಳು. ರಾತ್ರಿ ಮಲಗಿದಾಗ ಪೆಟ್ಟಿಗೆ ಎಂದಿನಂತೆ ನಡುವೆ ಇತ್ತು. ಮರಮ್ಮ ಮಗ್ಗುಲು ಬದಲಾಯಿಸಿದಳು. ಆಚೆ ಕಡೆಯೂ ಯಾರೋ ಮಗ್ಗುಲು ಬದಲಾಯಿಸಿದ ಸದ್ದಾಯಿತು. ಅಷ್ಟೇ. ಮಾತು ಪರದೆಯ ಹಿಂದೆ ಮಾತ್ರ ಸಾಧ್ಯವೇನೋ. ಆ ಮಾತಿಗೊಂದು ಗೊಂಬೆ ಬೇಕಿತ್ತು. ಆ ಗೊಂಬೆ ಈಗ ಇರಲಿಲ್ಲ.

ಪಿರಿಯಾಪಟ್ಟಣದ ಕಡೆಯ ಊರೊಂದರಲ್ಲಿ ಮುಂದಿನ ಆಟ. ಏಳನೇ ಕೋಟೆಯೇ ಬೇಕೆಂದಿದ್ದರು. ಸುಂದ್ರಮ್ಮ ಮತ್ತೆ ಬಲಗಡೆಯ ತನ್ನ ಜಾಗಕ್ಕೆ ಹೋಗಿ ಕೂತಳು. ಮೀಸೆ ರಕ್ಕಸ ಬಂದ, ಮರಮ್ಮ ಅರಚಿದಳು. ಅವನು ಮುತ್ತುರತ್ನಿಯನ್ನು ಕೋಟೆಯಲ್ಲಿ ಬಿಟ್ಟು ಬೇಟೆಗೆ ಹೋದ. ಅವನಿಗೆ ಅಲ್ಲಿ ಬೇರೆ ಕೆಲಸವಿರಲಿಲ್ಲ.

ಪರದೆಯ ಮೇಲೆ ರಾಜಕುಮಾರಿ ಒಬ್ಬಳೇ ನಿಂತಳು, ಎಂದಿನಂತೆ ಬಲಕ್ಕೆ ಮುಖ ಮಾಡಿ, ಕುಮಾರ ಬರುವ ದಾರಿ ನೋಡುತ್ತ. ಹೆಗಲ ಮೇಲೆ ಕೆಂಪು ಕಲೆ ಹಾಗೇ ಇತ್ತು. ಕೆರೆದು ತೆಗೆಯುತ್ತೇನೆ ಎಂದಿದ್ದ ಮಂಟಯ್ಯ ತೆಗೆದಿರಲಿಲ್ಲ. ಜವರಯ್ಯ ಶೋಕದ ಹಾಡಿಗೆ ಮದ್ದಳೆ ಕೊಟ್ಟ. ಸುಂದ್ರಮ್ಮ ಎತ್ತಿಕೊಳ್ಳಲಿಲ್ಲ. ಇನ್ನೊಮ್ಮೆ ಕೊಟ್ಟ. ಸುಂದ್ರಮ್ಮ ದೀಪದಾಚೆಯಿಂದ ಈ ಕಡೆ ನೋಡುತ್ತ ಬಾಯಿ ಮುಚ್ಚಿ ಕೂತಿದ್ದಳು.

ಮರಮ್ಮನ ಮುಂದೆ ಗೊಂಬೆ ಇರಲಿಲ್ಲ. ಪರದೆಯ ಎಡಗಡೆ ಬರೀ ಬೆಳಕು. ಮೀಸೆ ರಕ್ಕಸ ಮಂಟಯ್ಯನ ಕಾಲ ಬಳಿ ಬೋರಲಾಗಿ ಬಿದ್ದಿದ್ದ.

“ನಿದ್ದೆ ಬಂತಾ, ಕೂಸೇ?” ಎಂದಳು.

ಆಚೆ ಯಾರೋ “ಯಾರಲಾ ಅದು ಮಾತಾಡ್ದೋರು?” ಎಂದರು. ಮಂಟಯ್ಯ ಅವಳ ಕಡೆ ನೋಡಲಿಲ್ಲ, ಹೆಂಡತಿಯ ಕಡೆಗೂ ತಿರುಗಲಿಲ್ಲ. ಕೈಯಲ್ಲಿದ್ದ ಕಡ್ಡಿಯನ್ನು ನಿಧಾನವಾಗಿ ತಿರುಗಿಸಿದ. ಪರದೆಯ ಮೇಲೆ ಮುತ್ತುರತ್ನಿಯ ನೆರಳು ಒಂದು ಗೆರೆಯಷ್ಟು ತೆಳ್ಳಗಾಗಿ, ಮತ್ತೆ ಅಗಲವಾಗಿ, ಮರಮ್ಮ ಕೂತಿದ್ದ ಎಡಕ್ಕೆ ಮುಖ ಮಾಡಿ ನಿಂತಿತು.